ಊರ ಎಂಜಲು ಸುಟ್ಟ ಹೊಸಿಯಾ

ಹತ್ತಾರು ದ್ವೀಪಗಳ ಜನ ಬಂದು ಸೇರಿದ ನಮ್ಮ ಊರು ಲಕಾತೋರೋದಲ್ಲಿ ಹೊಸಬರು ಯಾರಾದರೂ ಸಿಕ್ಕರೆ ನಾವು ಮೊದಲು ಕೇಳುವುದು ಹೆಸರನ್ನಲ್ಲ, ಯಾವ ದ್ವೀಪ ಎಂದು. ಹೆಸರು ಹೇಗೂ ಬೈಬಲಿನದ್ದೇ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ದ್ವೀಪ ತಿಳಿದರೆ ಸಾಕು, ಅವರ ಪಕ್ಕ ಎಷ್ಟು ಹತ್ತಿರ ಕೂರಬೇಕು, ಯಾವ ಮಾತು ಎತ್ತಬಾರದು, ಅವರು ಕೊಟ್ಟದ್ದನ್ನು ತಿನ್ನಬಹುದೋ ಬಾರದೋ ಎಲ್ಲ ಗೊತ್ತಾಗುತ್ತದೆ. ನಾನು ದೊರ್ಕಾಸ್, ಪಾಮಾ ದ್ವೀಪದವಳು. ಪಾಮಾ ಎಂದರೆ ಜನ ಜಗಳಗಂಟಿ ಎಂದು ಒಳಗೊಳಗೇ ಅಂದುಕೊಂಡರೂ ಪಕ್ಕದಲ್ಲೇ ಕೂರುತ್ತಾರೆ. ಆಂಬ್ರಿಮ್ ಎಂದರೆ ಮಾತ್ರ ಕೂತವರು ಸ್ವಲ್ಪ ಸರಿದು ಕೂರುತ್ತಾರೆ. ಬೆಂಕಿ ಬೆಟ್ಟದ ಆ ದ್ವೀಪದವರಿಗೆ ಮಾಟ ಗೊತ್ತು, ಊಟದಲ್ಲಿ ಮದ್ದು ಹಾಕುತ್ತಾರೆ ಎಂಬ ಮಾತು ನಮ್ಮ ಅಜ್ಜಂದಿರ ಕಾಲದಿಂದಲೂ ಇದೆ. ಯಾರಾದರೂ ಕಣ್ಣಾರೆ ಕಂಡಿದ್ದಾರೆಯೇ ಎಂದು ಕೇಳಿದರೆ ಎಲ್ಲರೂ ತಮ್ಮ ಭಾವನ ಕಡೆಯ ಇನ್ನೊಬ್ಬರನ್ನು ತೋರಿಸುತ್ತಾರೆ.

ಅಂಥ ಆಂಬ್ರಿಮ್‌ನವನೊಬ್ಬನ ಕೈಯ ಬ್ರೆಡ್ಡನ್ನು ಬೆಳಗಾದರೆ ಊರಿಗೆ ಊರೇ ತಿನ್ನುತ್ತಿತ್ತು. ಅವನು ಹೊಸಿಯಾ ವೊರ್ವೊರ್. ಮಾರುಕಟ್ಟೆಯ ಕೆಳಗಿನ ತಿರುವಿನಲ್ಲಿ ಅವನ ಭಟ್ಟಿ. ನಾನು ಅದೇ ಮಾರುಕಟ್ಟೆಯಲ್ಲಿ ಲಪ್‌ಲಪ್ ಮಾರುವವಳು. ಗೆಣಸು ತುರಿದು, ತೆಂಗಿನ ಹಾಲು ಸುರಿದು, ಎಲೆಯಲ್ಲಿ ಸುತ್ತಿ, ಕಾದ ಕಲ್ಲುಗಳ ಕೆಳಗೆ ಬೇಯಿಸುವುದು ನನ್ನ ಕೆಲಸ. ಯಾರನ್ನೂ ನಂಬದಿರುವುದು ನನ್ನ ಹುಟ್ಟುಗುಣ. ನನ್ನ ಗಂಡ ಓಬೆದ್ ಲಾರಿ ಓಡಿಸುತ್ತಾನೆ, ಅವನನ್ನೂ ನಂಬುವುದಿಲ್ಲ. ಆದರೆ ಹೊಸಿಯಾನ ಬ್ರೆಡ್ಡನ್ನು ಮಾತ್ರ ದಿನವೂ ತಿಂದಿದ್ದೇನೆ, ಏಕೆಂದರೆ ಅದು ಒಳ್ಳೆಯ ಬ್ರೆಡ್ಡು.

ಈ ಊರಿನ ಚರಿತ್ರೆ ತಿಳಿಯಬೇಕಿದ್ದರೆ ಅವನ ಬ್ರೆಡ್ಡನ್ನೇ ನೋಡಿದರೆ ಸಾಕಿತ್ತು. ಇಂಗ್ಲಿಷರೂ ಫ್ರೆಂಚರೂ ಕೂಡಿ ನಮ್ಮನ್ನು ಆಳುತ್ತಿದ್ದ ಕಾಲದಲ್ಲಿ ಎಲ್ಲವೂ ಎರಡೆರಡು ಇದ್ದವು. ಎರಡು ಬಾವುಟ, ಎರಡು ಶಾಲೆ, ಎರಡು ಜೈಲು. ಮೇಲೆ ಗುಡ್ಡದ ಹುಲ್ಲುಹಾಸಿನ ಮೇಲೆ ಇಂಗ್ಲಿಷರ ಕಚೇರಿ, ಅತ್ತ ನೋರ್ಸುಪ್ ಕಡೆಗೆ ತೆಂಗಿನ ತೋಟಗಳ ನಡುವೆ ಫ್ರೆಂಚರ ಗತ್ತು. ಆಂಬ್ರಿಮ್‌ನಲ್ಲಿ ಬೂದಿ ಸುರಿದು ತೋಟವೆಲ್ಲ ಸುಟ್ಟುಹೋದ ವರ್ಷ ಹೊಸಿಯಾನ ತಾಯಿ ಅವನನ್ನು ದೋಣಿ ಹತ್ತಿಸಿ ಇಲ್ಲಿಗೆ ಕಳಿಸಿದಳು. ಆಗ ಅವನಿಗೆ ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ. ಗುಡ್ಡದ ಮೇಲಿನ ಸಾಹೇಬರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಚೌಕ ಬ್ರೆಡ್ಡು ಸುಡುವುದನ್ನು ಕಲಿತ. ಸ್ವಾತಂತ್ರ್ಯ ಬಂದು ಸಾಹೇಬರು ಪೆಟ್ಟಿಗೆ ಕಟ್ಟಿದ ಮೇಲೆ ನೋರ್ಸುಪ್‌ಗೆ ಇಳಿದು, ತೋಟದ ಭಟ್ಟಿಯಲ್ಲಿ ದುಡಿದು ಉದ್ದ ಬ್ರೆಡ್ಡನ್ನೂ ಕಲಿತ. ಕಡೆಗೆ ತನ್ನದೇ ಭಟ್ಟಿ ಕಟ್ಟಿದಾಗ ಎರಡನ್ನೂ ಸುಟ್ಟ. ಇಂಗ್ಲಿಷ್ ಶಾಲೆಗೆ ಹೋದವರು ಚೌಕದ್ದನ್ನು ಕೊಂಡರು, ಫ್ರೆಂಚ್ ಶಾಲೆಗೆ ಹೋದವರು ಉದ್ದದ್ದನ್ನು ಕೊಂಡರು. ಆಳಿದವರು ಹೋಗಿ ಎಷ್ಟೋ ಕಾಲವಾದರೂ ಆ ಅಭ್ಯಾಸ ಹೋಗಿಲ್ಲ.

ಭಟ್ಟಿಯ ಜಾಗ ಅವನದಲ್ಲ. ಈ ಊರಿನಲ್ಲಿ ಯಾರದೂ ಅಲ್ಲ. ಎದುರಿನ ಉರಿಪಿವ್ ದ್ವೀಪದವರು, ಸುತ್ತಲಿನ ಹಳ್ಳಿಗಳವರು, ಅವರದ್ದು ಈ ನೆಲ. ನಾವೆಲ್ಲ ಬಂದು ಸೇರಿಕೊಂಡವರು. ಒಮ್ಮೆ ಜನಗಣತಿಗೆ ಬಂದ ಹುಡುಗಿ ನಮ್ಮನ್ನೆಲ್ಲ ಎಣಿಸಿ ಊರು ಬೆಳೆದಿದೆ ಎಂದು ಖುಷಿಪಟ್ಟಳು. ಕ್ರಿಸ್ಮಸ್‌ಗೆ ಬಂದು ಎಣಿಸಮ್ಮ ಎಂದು ನಾನು ಹೇಳಿದೆ. ಕ್ರಿಸ್ಮಸ್‌ಗೆ ಎಲ್ಲರೂ ಅವರವರ ದ್ವೀಪಕ್ಕೆ ಹಡಗು ಹತ್ತುತ್ತಾರೆ, ಕಚೇರಿಗಳಿಗೆ ಬೀಗ, ರಸ್ತೆಯಲ್ಲಿ ನಾಯಿಗಳು ಮಾತ್ರ. ಆಗಲೂ ಊರಲ್ಲೇ ಉಳಿಯುತ್ತಿದ್ದವನು ಹೊಸಿಯಾ. ಆಂಬ್ರಿಮ್‌ನಲ್ಲಿದ್ದ ಅವನ ಪಾಲಿನ ನೆಲವನ್ನು ದಾಯಾದಿಗಳು ಎಂದೋ ಹಂಚಿಕೊಂಡಿದ್ದರು. ಇಲ್ಲಿ ಭಟ್ಟಿಯ ಹಿಂದೆ ಅವನ ಹೆಂಡತಿ ಮಾರ್ತಾಳ ಸಮಾಧಿ ಇತ್ತು. ಉರಿಪಿವ್‌ನ ಮುಖಂಡ ಎಸ್ರೊಮ್ ಮಾಸಿಂಗ್ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಹೊಸಿಯಾ ಹವಳದ ಬಿಳಿ ಕಲ್ಲು ಸುತ್ತ ಜೋಡಿಸಿ, ದಿನವೂ ಬೆಳಿಗ್ಗೆ ಮೊದಲ ಬ್ರೆಡ್ಡು ಹೊರಗೆ ಬಂದ ಮೇಲೆ ಅಲ್ಲಿ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದ.

ಅವನದೊಂದು ಅಭ್ಯಾಸ ಮಾತ್ರ ನನಗೆ ಮೊದಲಿನಿಂದಲೂ ಹಿಡಿಸುತ್ತಿರಲಿಲ್ಲ. ಮಧ್ಯಾಹ್ನ ಕಚೇರಿಯವರು ನಮ್ಮ ಮೇಜುಗಳಲ್ಲಿ ಉಂಡು ಎದ್ದ ಮೇಲೆ ಹೊಸಿಯಾ ತೆಂಗಿನ ಗರಿಯ ಬುಟ್ಟಿ ಹಿಡಿದು ಬರುತ್ತಿದ್ದ. ಮೀನಿನ ಮುಳ್ಳು, ಕಚ್ಚಿ ಬಿಟ್ಟ ಬಾಳೆಹಣ್ಣು, ಬ್ರೆಡ್ಡಿನ ಅಂಚು, ಎಲೆಗಂಟಿದ ಲಪ್‌ಲಪ್, ಒಂದೊಂದನ್ನೇ ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದ. ಹಂದಿಗೆ ಇರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಅವನ ಹತ್ತಿರ ಹಂದಿಯೇ ಇರಲಿಲ್ಲ. ಇದನ್ನು ಊರಲ್ಲಿ ಗಮನಿಸಿದವಳು ಬಹುಶಃ ನಾನೊಬ್ಬಳೇ. ಒಂದು ದಿನ ಕೇಳಿಯೂ ಬಿಟ್ಟೆ.

"ಕಸ ತಾನೆ ತಂಗಿ," ಎಂದ. "ಬಿಟ್ರೆ ನಾಯಿ ಎಳೆದಾಡ್ತಾವೆ."

ಅಷ್ಟು ಸಲೀಸಾಗಿ ಉತ್ತರ ಬಂದರೆ ನನಗೆ ಅನುಮಾನ ಇನ್ನೂ ಹೆಚ್ಚು. ಎಂಜಲು ಅಂದರೆ ನಮ್ಮ ದ್ವೀಪಗಳಲ್ಲಿ ಬರೀ ಕಸವಲ್ಲ. ಯಾರಿಗಾದರೂ ಮಾಟ ಮಾಡಬೇಕಾದರೆ ಅವರು ತಿಂದು ಬಿಟ್ಟದ್ದೇ ಬೇಕು. ಅಂದಿನಿಂದ ನನ್ನ ಎಂಜಲನ್ನು ನಾನು ಎಲೆಯಲ್ಲಿ ಸುತ್ತಿ ಮನೆಗೇ ಒಯ್ಯುತ್ತಿದ್ದೆ. ಹಾಗೆಂದು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ, ಬ್ರೆಡ್ಡು ಕೊಳ್ಳುವುದನ್ನೂ ಬಿಡಲಿಲ್ಲ.

ಆ ವರ್ಷ ಪ್ರಾಂತ ಕಚೇರಿಗೆ ಹೊಸ ಗುಮಾಸ್ತ ಬಂದ. ಹೆಸರು ಸಾಮ್ ನಕೋವ್, ದೂರದ ದಕ್ಷಿಣದ ತನ್ನಾ ದ್ವೀಪದವನು. ಮಾತು ಕಮ್ಮಿ, ಶರ್ಟು ಯಾವಾಗಲೂ ಇಸ್ತ್ರಿ ಮಾಡಿದ್ದು. ಅವನ ಹೆಂಡತಿ ಮಿರಿಯಮ್ ಒಳ್ಳೆಯ ಹುಡುಗಿ, ನನ್ನ ಮೇಜಿಗೇ ಬಂದು ಉಣ್ಣುತ್ತಿದ್ದಳು, ಅರ್ಧ ಉಂಡು ಅರ್ಧ ಬಿಡುತ್ತಿದ್ದಳು. ಬಂದ ಕೆಲವೇ ತಿಂಗಳಲ್ಲಿ ಅವಳಿಗೆ ಹೊಟ್ಟೆ ನೋವು ಶುರುವಾಯಿತು. ತಿಂದದ್ದು ನಿಲ್ಲದು, ಕಣ್ಣು ಹಳದಿ, ಮೈ ಕೆಂಡ. ನೋರ್ಸುಪ್ ಆಸ್ಪತ್ರೆಯವರು ನೋಡಿ, ಇಲ್ಲಿ ಆಗುವುದಿಲ್ಲ, ಸಾಂಟೋ ದ್ವೀಪದ ದೊಡ್ಡ ಆಸ್ಪತ್ರೆಗೆ ವಿಮಾನದಲ್ಲಿ ಕಳಿಸಬೇಕು ಎಂದರು. ಅವಳನ್ನು ಅವಳ ತಾಯಿಯ ಜೊತೆ ವಿಮಾನ ಹತ್ತಿಸಿ ವಾಪಸ್ಸು ಬರುತ್ತ ನಕೋವ್ ಭಟ್ಟಿಯ ಹತ್ತಿರ ಬ್ರೆಡ್ಡು ಕೊಳ್ಳಲು ನಿಂತ. ಹೊಸಿಯಾ ಒಳಗೆ ಬೆನ್ನು ಹಾಕಿ ಬಗ್ಗಿದ್ದ. ಬುಟ್ಟಿಯಲ್ಲಿದ್ದ ಊರ ಎಂಜಲನ್ನೆಲ್ಲ ಭಟ್ಟಿಯ ಬಾಯಿಗೆ ಸುರಿಯುತ್ತಿದ್ದ.

ನಕೋವ್ ಕೈಯಲ್ಲಿ ಹಿಡಿದಿದ್ದ ಬ್ರೆಡ್ಡನ್ನು ಹಲಗೆಯ ಮೇಲೆ ಇಟ್ಟು ಹೊರಟುಹೋದನಂತೆ. ಸಂಜೆಯ ಹೊತ್ತಿಗೆ ಕಾವಾ ಎಂಬ ಬೇರಿನ ಮತ್ತಿನ ರಸ ಕುಡಿಯುವ ಗುಡಿಸಲುಗಳಲ್ಲಿ ಬೇರೆ ಮಾತೇ ಇರಲಿಲ್ಲ. ತನ್ನಾದವರ ಪ್ರಕಾರ ಯಾರನ್ನಾದರೂ ಹಾಸಿಗೆ ಹಿಡಿಸಬೇಕಾದರೆ ಅವರ ಎಂಜಲನ್ನು ಬೆಂಕಿಗೆ ಹಾಕುವುದೇ ದಾರಿ. ಎಂಜಲು ಬೇಯುತ್ತ ಹೋದಂತೆ ತಿಂದವರ ಹೊಟ್ಟೆಯೂ ಬೇಯುತ್ತದೆ.

ಮಾರನೆಯ ದಿನ ಭಟ್ಟಿಯ ಮುಂದೆ ಒಬ್ಬರೂ ಇರಲಿಲ್ಲ. ಚೌಕದ್ದೂ ಹಾಗೇ ಉಳಿಯಿತು, ಉದ್ದದ್ದೂ ಉಳಿಯಿತು. ಇಂಗ್ಲಿಷ್ ಶಾಲೆಯವರೂ ಫ್ರೆಂಚ್ ಶಾಲೆಯವರೂ ಒಮ್ಮತಕ್ಕೆ ಬಂದದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಅಂಗಡಿಗಳಲ್ಲಿ ಬಿಸ್ಕತ್ತು ಖಾಲಿಯಾಯಿತು. ಎಲ್ಲರಿಗೂ ಒಂದೊಂದು ಹಳೆಯ ನೋವು ನೆನಪಾಗತೊಡಗಿತು. ಒಬ್ಬಳಿಗೆ ಗರ್ಭ ಇಳಿದದ್ದು, ಒಬ್ಬನಿಗೆ ಕಾಲು ಊದಿದ್ದು, ಇನ್ನೊಬ್ಬನಿಗೆ ಬಡ್ತಿ ತಪ್ಪಿದ್ದು, ಎಲ್ಲಕ್ಕೂ ಹೊಸಿಯಾನ ಬುಟ್ಟಿಯೇ ಕಾರಣವಾಯಿತು. ಯಾರೋ ಅವನ ತಗಡಿನ ಮೇಲೆ ಕಲ್ಲೆಸೆದರು. ಬೆಳಗಾದರೆ ಅವನ ಬ್ರೆಡ್ಡಿಲ್ಲದೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಿದ್ದ ಜನವೇ ಇವರು.

ನಾನೇನು ನಂಬಿದೆ ಎಂದು ಕೇಳಿದರೆ, ನಾನು ಎಲ್ಲರನ್ನೂ ಅನುಮಾನಿಸಿದೆ. ಹೊಸಿಯಾನನ್ನು ಅನುಮಾನಿಸಿದೆ, ಸರಿ. ಆದರೆ ತಿರುವಿನ ಆ ಜಾಗಕ್ಕೆ ಈಗ ಬೆಲೆ ಬಂದಿದೆ, ಎಸ್ರೊಮ್ ಯಜಮಾನರ ಸೋದರಳಿಯ ಅಲ್ಲಿ ಅಂಗಡಿ ಹಾಕಬೇಕೆಂದು ಆಸೆಪಟ್ಟದ್ದು ನನ್ನ ಕಿವಿಗೆ ಬಿದ್ದಿತ್ತು. ಬಿಸ್ಕತ್ತು ಮಾರುವವರ ಮುಖದ ಗೆಲುವನ್ನೂ ನೋಡಿದ್ದೆ. ನಕೋವ್ ಮಾತ್ರ ಯಾವ ಲಾಭಕ್ಕೂ ಇದನ್ನು ಮಾಡುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. ಹೆದರಿಕೆಯಿಂದ ಅವನ ಕೆನ್ನೆ ಒಳಕ್ಕೆ ಹೋಗಿತ್ತು, ಶರ್ಟಿಗೆ ಇಸ್ತ್ರಿ ಇರಲಿಲ್ಲ.

ಅವನು ಎಸ್ರೊಮ್ ಯಜಮಾನರ ಹತ್ತಿರ ಹೋಗಿ ಕೇಳಿದ್ದು ಒಂದೇ. ಸರಕು ಹಡಗು ಲಿಟ್ಸ್‌ಲಿಟ್ಸ್ ಹಡಗುಕಟ್ಟೆಗೆ ಬಂದಾಗ ಹೊಸಿಯಾನನ್ನು ಅದರಲ್ಲಿ ಕೂರಿಸಿ ಆಂಬ್ರಿಮ್‌ಗೆ ಕಳಿಸಬೇಕು. ಊರಿನಿಂದ ಹೊರಗೆ ಹಾಕುವುದು ನಮ್ಮಲ್ಲಿ ಹೊಸದೇನಲ್ಲ, ಮುಖಂಡರು ಹೇಳಿದರೆ ಪೊಲೀಸರೂ ಅಡ್ಡ ಬರುವುದಿಲ್ಲ. ಯಜಮಾನರು ಶುಕ್ರವಾರ ಮಧ್ಯಾಹ್ನ ಮಾರುಕಟ್ಟೆಯಲ್ಲೇ ಸಭೆ ಕರೆದರು. ಹಡಗು ಮಾರನೆಯ ದಿನವೇ ಬರುವುದಿತ್ತು. ಹೊಸಿಯಾನಿಗೆ ಬ್ರೆಡ್ಡು ತರಲು ಹೇಳಿದರು, ನನಗೆ ಲಪ್‌ಲಪ್ ತರಲು ಹೇಳಿದರು. ಯಾಕೆ ಎಂದು ಹೇಳಲಿಲ್ಲ. ಹಾಗೆ ಹೇಳದಿದ್ದದ್ದು ನನಗೆ ಸರಿಬರಲಿಲ್ಲ.

ಅವತ್ತು ಬೆಳಿಗ್ಗೆ ನಾನು ಭಟ್ಟಿಯ ಕಡೆ ಹಣಿಕಿ ನೋಡಿದೆ. ಹೊಸಿಯಾ ತನ್ನ ಸಾಮಾನನ್ನೆಲ್ಲ ಒಂದು ತಗಡಿನ ಪೆಟ್ಟಿಗೆಗೆ ತುಂಬಿ ಹಗ್ಗ ಬಿಗಿದಿಟ್ಟಿದ್ದ. ಹೋಗಲು ತಯಾರಾದ ಮನುಷ್ಯ ಸಭೆಗೆ ಬೇಕಾದಷ್ಟು ಮಾತ್ರ ಸುಟ್ಟು ಸುಮ್ಮನಿರಬೇಕಲ್ಲ, ಇನ್ನೊಂದು ಮರದ ಮರಿಗೆಯ ತುಂಬ ಹಿಟ್ಟು ನಾದುತ್ತಿದ್ದ. ಯಾರು ತಿನ್ನುತ್ತಾರೆ ಎಂದು ಕೇಳಿದರೆ, ನಾದಿ ಅಭ್ಯಾಸ ಎಂದ. ಆಮೇಲೆ ಹಿಂದಕ್ಕೆ ತಿರುಗಿ ಮಾರ್ತಾಳ ಬಿಳಿ ಕಲ್ಲುಗಳನ್ನು ನೋಡಿದ. ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಲು ಬರುವಂಥದ್ದಲ್ಲ ಅದು.

ಸಭೆಗೆ ಊರೆಲ್ಲ ಬಂದಿತ್ತು. ನಕೋವ್ ಎದ್ದು ನಿಂತು, ಕಂಡದ್ದನ್ನು ಕಂಡಂತೆ ಹೇಳಿದ. ಸಾಂಟೋದಿಂದ ಸುದ್ದಿ ಬಂದಿತ್ತು, ಮಿರಿಯಮ್‌ಳ ಹೊಟ್ಟೆ ಕುಯ್ದು ಪಿತ್ತದ ಕಲ್ಲು ತೆಗೆದಿದ್ದರು, ಜೀವಕ್ಕೆ ಅಪಾಯವಿಲ್ಲ ಎಂದಿದ್ದರು. ಹಾಗಾದರೆ ಇನ್ನೇನು ಎಂದು ನನ್ನ ಗಂಡ ಓಬೆದ್ ಕೇಳಿದ್ದಕ್ಕೆ ನಕೋವ್ ಅವನ ಕಡೆ ತಿರುಗಿದ.

"ಕಲ್ಲು ತೆಗೆದೋರು ಡಾಕ್ಟ್ರು. ಒಳಗೆ ಇಟ್ಟೋರು ಯಾರು? ಅದನ್ನ ಅವರು ಹೇಳಲ್ಲ."

ಇದಕ್ಕೆ ತಲೆದೂಗಿದವರೇ ಹೆಚ್ಚು. ಎಸ್ರೊಮ್ ಯಜಮಾನರು ಊರುಗೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಹೊಸಿಯಾನನ್ನು ಕೇಳಿದರು. "ನಿನ್ನ ಎಂಜಲು ನೀನು ಸುಟ್ಕೋ, ಬೇಡ ಅನ್ನಲ್ಲ. ಊರ ಎಂಜಲು ನಿನಗ್ಯಾಕೆ ಬೇಕಿತ್ತು?"

ಹೊಸಿಯಾ ಕೂತಲ್ಲಿಂದ ಏಳಲಿಲ್ಲ. ಕೈಯಲ್ಲಿ ಇನ್ನೂ ಹಿಟ್ಟು ಅಂಟಿತ್ತು, ಅದನ್ನು ಉಗುರಿನಿಂದ ಕೆರೆಯುತ್ತ ಮಾತಾಡಿದ.

"ನಮ್ಮಲ್ಲಿ ಸುಟ್ರೆ ಮುಗೀತು, ಯಜಮಾನ್ರೆ. ಬೂದಿ ತಗೊಂಡು ಯಾರೂ ಏನೂ ಮಾಡಕ್ಕಾಗಲ್ಲ. ಅಮ್ಮ ದೋಣಿ ಹತ್ತಿಸುವಾಗ ಇದೊಂದೇ ಹೇಳಿದ್ದು, ತಿಂದು ಬಿಟ್ಟಿದ್ದು ನೆಲದ ಮೇಲೆ ಬಿಡಬೇಡ ಅಂತ. ಈ ಊರಲ್ಲಿ ಯಾರಿಗೆ ಹೊಟ್ಟೆ ನೋವು ಬಂದ್ರೂ ಮೊದಲು ಬರೋದು ನನ್ನ ಹೆಸರು. ಎಂಜಲೇ ಇಲ್ಲದಂಗೆ ಮಾಡಿಬಿಟ್ರೆ ಯಾರೂ ನನ್ನ ಕಡೆ ಬೊಟ್ಟು ಮಾಡಲ್ಲ ಅಂದ್ಕೊಂಡೆ. ತನ್ನಾದಲ್ಲಿ ಹಿಂಗೆ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು?"

ಆಮೇಲೆ ಶುರುವಾಯಿತು ನೋಡಿ. ಎಂಜಲನ್ನು ಏನು ಮಾಡಬೇಕು ಎಂಬುದರ ಮೇಲೆ ಪ್ರತಿಯೊಂದು ದ್ವೀಪಕ್ಕೂ ಒಂದೊಂದು ಮಾತು. ವಾವ್ ದ್ವೀಪದ ಮುದುಕನೊಬ್ಬ ಹೂಳಬೇಕು ಎಂದ, ಅದೂ ಬಾಳೆಯ ಬುಡದಲ್ಲಿ. ಪೆಂಟಿಕೋಸ್ಟ್ ದ್ವೀಪದವಳೊಬ್ಬಳು ಹೂಳುವುದು ಎಲ್ಲಕ್ಕಿಂತ ಅಪಾಯ, ಹಂದಿಗೆ ಹಾಕಬೇಕು ಎಂದಳು. ಓಬೆದ್ ನಮ್ಮ ಮನೆಯಲ್ಲಿ ನಾವು ಸುಮ್ಮನೆ ಹೊರಗೆ ಎಸೆಯುತ್ತೇವೆ ಎಂದು ಹೇಳಿ ನನ್ನಿಂದ ಮೊಣಕೈ ತಿವಿತ ತಿಂದ. ನಕೋವ್ ಸಮುದ್ರಕ್ಕೆ ಬಿಟ್ಟರೆ ಮಾತ್ರ ಸುರಕ್ಷಿತ, ಉಪ್ಪು ನೀರಿನಲ್ಲಿ ಯಾರ ಮಾಟವೂ ನಿಲ್ಲುವುದಿಲ್ಲ ಎಂದ. ಇಷ್ಟು ಕಾಲ ಒಂದೇ ಮೇಜಿನ ಮೇಲೆ ಉಣ್ಣುತ್ತಿದ್ದ ನಾವು ಒಬ್ಬರಿಗೊಬ್ಬರು ಇದನ್ನು ಹೇಳಿಕೊಂಡೇ ಇರಲಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತ ತಮ್ಮ ತಮ್ಮ ಎಂಜಲನ್ನು ತಮ್ಮ ತಮ್ಮ ರೀತಿಯಲ್ಲಿ ಬಚ್ಚಿಡುತ್ತಿದ್ದೆವು.

ಯಜಮಾನರು ಊರುಗೋಲಿನಿಂದ ನೆಲ ಕುಟ್ಟಿದರು. ಹೊಸಿಯಾ ಮಾಟ ಮಾಡಿದ್ದಾನೋ ಇಲ್ಲವೋ ತನಗೆ ಕಾಣುವುದಿಲ್ಲ, ಯಾರಿಗೂ ಕಾಣುವುದಿಲ್ಲ ಎಂದರು. ಕಾಣುವುದು ಒಂದೇ. ನಕೋವ್ ಹೊಸಿಯಾನ ಬ್ರೆಡ್ಡು ತಿನ್ನಬೇಕು. ಹೊಸಿಯಾ ಊರಿನ ಅಡುಗೆ ತಿನ್ನಬೇಕು. ಇಬ್ಬರೂ ತಿಂದರೆ ಮಾತು ಮುಗಿಯಿತು, ಭಟ್ಟಿ ಇಲ್ಲೇ ಇರುತ್ತದೆ. ಒಬ್ಬ ತಿನ್ನದಿದ್ದರೂ ನಾಳೆಯ ಹಡಗು.

ನಕೋವ್ ತಿನ್ನುವುದಿಲ್ಲ ಎಂದು ನಾನು ಪಣ ಕಟ್ಟುತ್ತಿದ್ದೆ. ಅವನು ಬ್ರೆಡ್ಡನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಮೂಸಿ ನೋಡಿದ. ಹೊರಗೆ ರಸ್ತೆಯ ಕಡೆ ಒಮ್ಮೆ ನೋಡಿದ. ಆಮೇಲೆ ಕಚ್ಚಿದ. ಒಮ್ಮೆ ಕಚ್ಚಿದವನು ನಿಲ್ಲಿಸಲಿಲ್ಲ, ಹಸಿದಿದ್ದ ಎಂದು ಕಾಣುತ್ತದೆ. ಶರ್ಟಿನ ಮೇಲೆ ಉದುರಿದ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ನೆಕ್ಕಿದ. ಒಂದು ಚೂರೂ ಉಳಿಸಲಿಲ್ಲ. ಅದನ್ನು ನೋಡಿ ಕೆಲವರು ಮುಸಿಮುಸಿ ನಕ್ಕರು.

ನಾನು ಲಪ್‌ಲಪ್ ಬಿಚ್ಚಿ ಹೊಸಿಯಾನ ಮುಂದೆ ಇಟ್ಟೆ. ಒಳ್ಳೆಯ ಗೆಣಸು, ಮೇಲೆ ಊರ ಕೋಳಿ. ಹೊಸಿಯಾನ ಕೈ ಮೊಣಕಾಲ ಮೇಲಿತ್ತು, ಅಲ್ಲೇ ಉಳಿಯಿತು. ಎಲ್ಲರೂ ಕಾದರು. ಅವನ ಹಣೆಯಲ್ಲಿ ಬೆವರು ಮೂಡಿತು. ನೋಡಿದಿರಾ, ನೋಡಿದಿರಾ ಎಂದು ಹಿಂದಿನಿಂದ ಗುಸುಗುಸು ಶುರುವಾಯಿತು. ನನಗೆ ಸಿಟ್ಟು ನೆತ್ತಿಗೇರಿತು. ಇಡೀ ಪ್ರಾಂತ ತಿಂದ ಲಪ್‌ಲಪ್ ಅದು.

"ನನ್ನ ಲಪ್‌ಲಪ್‌ಗೆ ಏನಾಗಿದೆ?" ಎಂದೆ.

"ನಿಂದು ಅಂತಲ್ಲ ತಂಗಿ." ಅವನು ನನ್ನ ಮುಖ ನೋಡಲಿಲ್ಲ. "ಈ ಊರಿಗೆ ಬಂದಾಗಿಂದ ನಾನು ಯಾರ ಕೈದೂ ತಿಂದಿಲ್ಲ. ಮಾರ್ತಾ ಇದ್ದಾಗ ಅವಳ ಕೈದು. ಅವಳು ಹೋದ್ಮೇಲೆ ನಂದು ನಾನೇ. ನೀವೆಲ್ಲ ನನಗೆ ಹೆದರ್ತೀರ ಅಂತ ನನಗೆ ಗೊತ್ತು. ಹೆದರಿದೋರು ತಟ್ಟೆಗೆ ಏನು ಬೇಕಾದ್ರೂ ಹಾಕ್ತಾರೆ."

ಪ್ರತಿ ಕ್ರಿಸ್ಮಸ್‌ಗೂ ನಾನು ಹಡಗು ಹತ್ತುವ ಮೊದಲು ಅವನಿಗೆ ಒಂದು ಲಪ್‌ಲಪ್ ಕೊಟ್ಟು ಹೋಗುತ್ತಿದ್ದೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ದೇವರು ಒಳ್ಳೆಯದು ಮಾಡಲಿ ಎನ್ನುತ್ತಿದ್ದ. ಅವೆಲ್ಲ ಎಲ್ಲಿಗೆ ಹೋದವು ಎಂದು ನನಗೆ ಅಲ್ಲಿ ನಿಂತಲ್ಲೇ ಹೊಳೆಯಿತು. ಭಟ್ಟಿಯೊಳಗೆ. ಕೋಳಿ ಸಮೇತ. ಬಂದ ಸಿಟ್ಟಿನಲ್ಲಿ ನನಗೆ ಅಳು ಬಂತು, ಅಳು ಬಂದದ್ದಕ್ಕೆ ಮತ್ತೆ ಸಿಟ್ಟು ಬಂತು. ನಾವು ಅವನನ್ನು ಅನುಮಾನಿಸುತ್ತಿದ್ದೇವೆ ಎಂದುಕೊಂಡಿದ್ದೆ. ನಮಗಿಂತ ಹೆಚ್ಚು ಅನುಮಾನವನ್ನು ಈ ಮನುಷ್ಯ ಒಬ್ಬನೇ ಹೊತ್ತುಕೊಂಡು ನಮಗೆಲ್ಲ ಬ್ರೆಡ್ಡು ಸುಡುತ್ತಿದ್ದ.

ಯಜಮಾನರು ಮೆಲ್ಲಗೆ, ನೀನು ತಿನ್ನದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಹೊಸಿಯಾ ತಿರುವಿನ ಕಡೆ ನೋಡಿದ. ಮಾರುಕಟ್ಟೆಯಿಂದ ಅವನ ತಗಡು ಕಾಣುತ್ತದೆ, ಅದರ ಹಿಂದೆ ಬಿಳಿ ಕಲ್ಲಿನ ಅಂಚೂ ಸ್ವಲ್ಪ ಕಾಣುತ್ತದೆ. ಅವನು ಕೈ ಚಾಚಿ ಲಪ್‌ಲಪ್ ಮುರಿದ. ಮೊದಲ ತುತ್ತನ್ನು ಬಾಯಲ್ಲಿ ತುಂಬಾ ಹೊತ್ತು ಇಟ್ಟುಕೊಂಡಿದ್ದ, ನುಂಗುತ್ತಾನೋ ಉಗಿಯುತ್ತಾನೋ ಎಂದು ನಮಗಾರಿಗೂ ತಿಳಿಯಲಿಲ್ಲ. ನುಂಗಿದ. ಎರಡನೆಯ ತುತ್ತು ಸ್ವಲ್ಪ ಬೇಗ ಹೋಯಿತು. ಅರ್ಧ ತಿಂದ. ಉಳಿದರ್ಧವನ್ನು ಅವನು ಎಲೆಯಲ್ಲಿ ಮಡಚಿ ಎತ್ತಿಕೊಳ್ಳುತ್ತಾನೆ ಎಂದು ಎಲ್ಲರೂ ನೋಡುತ್ತಿದ್ದರೆ, ಎಲೆಯನ್ನು ಹಾಗೇ ತೆರೆದಂತೆ ನಕೋವ್‌ನ ಮುಂದಕ್ಕೆ ತಳ್ಳಿದ.

"ಇದು ಇಲ್ಲೇ ಇರ್ಲಿ," ಎಂದ. "ಹಿಟ್ಟು ಉಕ್ಕಿರುತ್ತೆ. ನಾನು ಭಟ್ಟಿ ಹಚ್ಬೇಕು." ಎದ್ದು ಹೋದ.

ತನ್ನ ಎಂಜಲನ್ನು ಶತ್ರುವಿನ ಕೈಗೆ ಬಿಟ್ಟು ಹೋದವನನ್ನು ನಾನು ನನ್ನ ಆಯುಸ್ಸಿನಲ್ಲಿ ಕಂಡಿರಲಿಲ್ಲ. ಸಭೆ ಮುಗಿದರೂ ಯಾರೂ ಆ ಎಲೆಯನ್ನು ಮುಟ್ಟಲಿಲ್ಲ. ಕಡೆಗೆ ನಗುವೋ ಅಳುವೋ ಗೊತ್ತಾಗದ ಮುಖ ಮಾಡಿಕೊಂಡು ನಕೋವ್ ಅದನ್ನು ಮಡಚಿದ, ತನ್ನ ಚೀಲಕ್ಕೆ ಹಾಕಿಕೊಂಡ, ಹೊರಟ. ಮನೆಯ ಕಡೆ ಹೋಗಲಿಲ್ಲ. ರಸ್ತೆ ದಾಟಿ ತೆಂಗಿನ ಮರಗಳ ನಡುವೆ ಕೆಳಗೆ ಇಳಿದ. ನಾನು ಪಾತ್ರೆ ಅಲ್ಲೇ ಬಿಟ್ಟು ಹಿಂದೆ ನಡೆದೆ. ಬ್ರೆಡ್ಡು ತಿಂದದ್ದು ಸಭೆಗಾಗಿ ಇರಬಹುದು, ಈಗ ಅವನು ಮಾಡುವುದೇ ನಿಜ ಎಂದು ನನಗನ್ನಿಸಿತ್ತು.

ದಡದ ಹತ್ತಿರ ಅವನು ಒಂದು ಮರದ ಬುಡದಲ್ಲಿ ಕೂತ. ಚೀಲದಿಂದ ಎಲೆಯ ಪೊಟ್ಟಣ ತೆಗೆದು ಪಕ್ಕದಲ್ಲಿಟ್ಟ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದ. ಕಡ್ಡಿ ಗೀರಿದ. ಕೂಗಬೇಕೆಂದು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಸಿಗರೇಟು ಹಚ್ಚಿಕೊಂಡ. ಅರ್ಧ ಸೇದಿ, ಆರಿಸಿ, ಚಪ್ಪಲಿ ಕಳಚಿ, ಪೊಟ್ಟಣ ಹಿಡಿದು ಕಚೇರಿಯ ಪ್ಯಾಂಟಿನಲ್ಲೇ ಮೊಣಕಾಲು ಮುಳುಗುವವರೆಗೆ ನೀರಿಗೆ ಇಳಿದ. ಎಲೆ ಬಿಚ್ಚಿ ಎಲ್ಲವನ್ನೂ ಸಮುದ್ರಕ್ಕೆ ಬಿಟ್ಟ. ಸಣ್ಣ ಮೀನುಗಳು ಬಂದು ಮುತ್ತಿಕೊಂಡವು. ಅವು ತಿಂದು ಮುಗಿಸುವ ತನಕ ಅಲ್ಲಾಡದೆ ನಿಂತಿದ್ದ. ಕಡೆಗೆ ಎಲೆಯನ್ನೂ ತೊಳೆದು ಅಲೆಯ ಮೇಲೆ ಬಿಟ್ಟ.

"ಈಚೆ ಬನ್ನಿ ದೊರ್ಕಾಸಮ್ಮ," ಎಂದ, ತಿರುಗದೆಯೇ. "ಬೆಂಕಿಪೊಟ್ಟಣ ನೋಡಿ ಹೆದರಿದ್ರಾ?"

"ಸಿಗರೇಟು ಒಳ್ಳೇದಲ್ಲ ಅಂತ ಹೇಳೋಣ ಅಂತ ಬಂದೆ."

ಆ ತಿಂಗಳಲ್ಲಿ ಅವನು ನಕ್ಕಿದ್ದನ್ನು ಅದೇ ಮೊದಲು ನೋಡಿದೆ. ಹೊಸಿಯಾನಿಗೆ ಹೇಳಿ, ಇನ್ನು ಅದನ್ನು ಯಾರಿಂದಲೂ ಮುಟ್ಟಲಾಗುವುದಿಲ್ಲ ಎಂದು ಹೇಳಿ ಎಂದ. ಒದ್ದೆ ಪ್ಯಾಂಟನ್ನು ಹಿಂಡುತ್ತ ಮೇಲಕ್ಕೆ ಹೋದ.

ನಾನು ನೇರ ಭಟ್ಟಿಗೆ ಹೋದೆ. ಒಳಗೆ ಯಾರೂ ಇರಲಿಲ್ಲ. ಭಟ್ಟಿ ತಣ್ಣಗಿತ್ತು, ಕಟ್ಟಿಗೆ ಹಾಗೇ ಇತ್ತು. ಹಗ್ಗ ಬಿಗಿದ ಪೆಟ್ಟಿಗೆ ಮೂಲೆಯಲ್ಲಿತ್ತು. ಹಿಟ್ಟು ಮರಿಗೆಯ ಅಂಚು ದಾಟಿ ಉಕ್ಕಿ, ಅದರ ಕಾಲುಗಳಗುಂಟ ಇಳಿದು ನೆಲದ ಮೇಲೆ ಹರಡಿತ್ತು. ಭಟ್ಟಿ ಹಚ್ಚಬೇಕು ಎಂದು ಹೋದ ಮನುಷ್ಯ ಎಲ್ಲಿಗೆ ಹೋದ ಎಂದು ನಾನು ನಿಂತು ಯೋಚಿಸುತ್ತಿರುವಾಗ ಹೊಸಿಯಾ ನನ್ನ ಹಿಂದಿನಿಂದ ಒಳಗೆ ಬಂದ. ಕಾಲಿಗೆಲ್ಲ ಒದ್ದೆ ಮರಳು ಮೆತ್ತಿತ್ತು. ನಾನು ಮರಳನ್ನು ನೋಡಿದೆ. ಅವನು ಹಿಟ್ಟನ್ನು ನೋಡಿದ.

"ಎಲ್ಲಿ ನಿಂತಿದ್ದೆ ಅಣ್ಣ?"

"ನಿನ್ನ ಹಿಂದೇನೇ. ದೋಣಿ ಮರೆಯಲ್ಲಿ."

"ನನ್ನ ಮೇಲೂ ಅನುಮಾನನಾ?"

"ನಿನ್ನ ಮೇಲೇ ಜಾಸ್ತಿ. ಲಪ್‌ಲಪ್ ನಿಂದೇ ತಾನೆ." ಅವನು ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಮರಿಗೆಯಲ್ಲಿ ಉಳಿದ ಹಿಟ್ಟನ್ನು ಒಟ್ಟು ಮಾಡತೊಡಗಿದ. ಸ್ವಲ್ಪ ಹೊತ್ತಾದ ಮೇಲೆ, "ಚೆನ್ನಾಗಿತ್ತು," ಎಂದ. "ಇಷ್ಟು ವರ್ಷ ಎಲ್ಲಾ ಸುಟ್ಟುಬಿಟ್ಟೆ."

ನಾನು ಕಟ್ಟಿಗೆ ಎತ್ತಿಕೊಟ್ಟೆ. ಅವನ ತಲೆಗೆ ಹೊಡೆಯೋಣ ಎಂದೇ ಎತ್ತಿದ್ದು, ಆದರೆ ಕೈಗೆ ಕೊಟ್ಟೆ.

ಮಾರನೆಯ ದಿನ ಹಡಗು ಬಂತು, ಅವನಿಗೆ ಬರಬೇಕಾಗಿದ್ದ ಹಿಟ್ಟಿನ ಮೂಟೆಗಳನ್ನು ಇಳಿಸಿ ಹೋಯಿತು. ಅತಿಯಾಗಿ ಉಕ್ಕಿದ್ದ ಆ ಹಿಟ್ಟಿನ ಬ್ರೆಡ್ಡು ಹುಳಿಯಾಗಿತ್ತು, ಕಲ್ಲಿನ ಹಾಗೆ ಗಟ್ಟಿಯೂ ಆಗಿತ್ತು. ಚೌಕದ್ದೂ ಅಷ್ಟೇ, ಉದ್ದದ್ದೂ ಅಷ್ಟೇ. ಊರು ಸಾಲಿನಲ್ಲಿ ನಿಂತು ಕೊಂಡು, ಬೈದುಕೊಂಡು ತಿಂದಿತು. ಶರ್ಟಿಗೆ ಇಸ್ತ್ರಿ ಹಾಕಿಕೊಂಡು ನಕೋವ್ ಬಂದ. ಹಲಗೆಯ ಮುಂದೆ ನಿಂತೇ ಅರ್ಧ ತಿಂದ. ಉಳಿದರ್ಧವನ್ನು ಹೊಸಿಯಾನ ಕೈಯಲ್ಲಿಟ್ಟು, ಸಂಜೆ ಮಿರಿಯಮ್‌ಗೆ ಫೋನು ಮಾಡುವುದಿದೆ ಎಂದು ಹೇಳಿ ಹೋದ. ಹೊಸಿಯಾ ಆ ಅರ್ಧ ಬ್ರೆಡ್ಡನ್ನು ಹಿಡಿದುಕೊಂಡು ಒಮ್ಮೆ ಭಟ್ಟಿಯ ಬಾಯಿ ನೋಡಿದ, ಒಮ್ಮೆ ನನ್ನನ್ನು ನೋಡಿದ, ಆಮೇಲೆ ಸಮುದ್ರದ ದಾರಿ ಹಿಡಿದ. ನಾನು ಹಿಂದೆ ಹೋಗಲಿಲ್ಲ.